ಅರ್ಧಾಣೆ ರಾಣಿ

ನನಗೊಬ್ಬಳು ಸವತಿ ಇದ್ದಾಳೆ. ಹೆಸರು ವಿಕ್ಟೋರಿಯಾ. ಅವಳ ಮುಖವನ್ನು ಭೂತಗನ್ನಡಿ ಹಿಡಿದು ನೋಡುತ್ತಾ ಕೂರುವ ಗಂಡನಿಗೆ ಕಾಫಿ ಕೊಟ್ಟೂ ಕೊಟ್ಟೂ ನನ್ನ ತಲೆ ಬೆಳ್ಳಗಾಯಿತು.

ನಮ್ಮ ಯಜಮಾನರು ಸದಾಶಿವಯ್ಯ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಕಂಪನಿ ಸರ್ಕಾರದ ಕಾಲದ ಅಂಚೆಚೀಟಿಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳುವುದರಲ್ಲಿ ಮೈಸೂರಿನ ಸ್ಟಾಂಪ್ ಹುಚ್ಚರಿಗೆಲ್ಲ ಅವರ ಮಾತೇ ಕೊನೆ. ಆದರೆ ಆ ಮಾತಿಗೆ ದಾಕ್ಷಿಣ್ಯವೆಂಬುದಿಲ್ಲ. ನನ್ನ ಸ್ವಂತ ತಮ್ಮ ಆಸೆಯಿಂದ ತಂದದ್ದನ್ನು ‘ಸುಳ್ಳು’ ಎಂದು ಒಂದೇ ಮಾತಿನಲ್ಲಿ ಹಿಂದಕ್ಕೆ ಕೊಟ್ಟವರು. ಅವನು ಇವತ್ತಿಗೂ ಹಬ್ಬಕ್ಕೆ ಬಂದರೆ ಇವರ ಹತ್ತಿರ ಮಾತಾಡುವುದಿಲ್ಲ.

ಹಾಗಾಗಿ ಅಶೋಕಪುರಂನ ನಂಜಯ್ಯನವರು ಆಲ್ಬಮ್ಮನ್ನು ಎದೆಗವುಚಿಕೊಂಡು ರಾಮಕೃಷ್ಣನಗರದ ನಮ್ಮ ಮನೆಗೆ ಬಂದ ಬೆಳಿಗ್ಗೆ ನನಗೆ ಭಯವೇ ಆಯಿತು. ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು, ರೈಲಿನ ಚಿತ್ರವಿರುವ ಸ್ಟಾಂಪುಗಳನ್ನಷ್ಟೇ ಕೂಡಿಸುವವರು. ಹೆಂಡತಿ ಬೋರಮ್ಮ ಸಂಕ್ರಾಂತಿ ಹೊತ್ತಿಗೆ ತೀರಿಕೊಂಡ ಮೇಲೆ ಅರ್ಧ ಆಳಾಗಿದ್ದರು.

“ಮೇಷ್ಟ್ರೇ, ಇದೊಂದ್ ನೋಡ್ಬುಡಿ. ನಿಮ್ ಬಾಯಿಗೆ ಎದ್ರಿ ಇಷ್ಟ್ ದಿನ ತಂದಿರ್ಲಿಲ್ಲ.”

ರೈಲುಗಳ ನಡುವೆ ಒಂದೇ ಒಂದು ನೀಲಿ ಅರ್ಧಾಣೆ ಚೀಟಿ, ಅದರ ಮೇಲೆ ನನ್ನ ಸವತಿ ವಿಕ್ಟೋರಿಯಾ ರಾಣಿ. 1854ರದು. ಬೋರಮ್ಮನ ಮುತ್ತಾತ ಯಾರೋ ದೊರೆಯ ತೋಟದಲ್ಲಿ ಮಾಲಿಯಾಗಿದ್ದನಂತೆ. ಅವನ ಪೆಟ್ಟಿಗೆಯಿಂದ ಬಂದದ್ದೆಂದು ಹೇಳಿ, ಮದುವೆಯಾದ ಹೊಸದರಲ್ಲಿ ಅವಳು ಗಂಡನ ಕೈಗೆ ಕೊಟ್ಟಿದ್ದಳು. ಮೊನ್ನೆ ಯೋಗೇಂದ್ರ ಎಂಬ ಸ್ಟಾಂಪ್ ವ್ಯಾಪಾರಿ ಅದರ ಮೇಲಿನ ಕೆಂಪು ಗುರುತು ನೋಡಿ ನಕ್ಕನಂತೆ. ಇಂಥ ಠಸ್ಸೆ ಯಾವ ಅಂಚೆಮನೆಯಲ್ಲೂ ಇರಲಿಲ್ಲ, ಮಾಲಿ ಮನೆಗೆ ಇಂಥದ್ದು ಎಲ್ಲಿಂದ ಬರಬೇಕು, ನಿಮ್ಮ ಹೆಂಡತಿ ಚೆನ್ನಾಗಿ ಕತೆ ಕಟ್ಟಿದ್ದಾರೆ ಎಂದನಂತೆ.

“ಕತೆ ಕಟ್ಟೋಳಲ್ಲ ಕಣ್ರೀ ಅವ್ಳು,” ಎಂದರು ನಂಜಯ್ಯ. “ಸ್ಟಾಂಪ್ ಓದ್ರೆ ಓಗ್ಲಿ. ಅವ್ಳ ಮಾತು ಸುಳ್ಳಾಗ್ಬಾರ್ದು.”

ಇವರು ಭೂತಗನ್ನಡಿ ಹಿಡಿದು ಬಗ್ಗಿದರು. ಈಗಿನ ನಕಲಿಗಳಾದರೆ ಕನ್ನಡಿಯಡಿ ಗೆರೆ ಒಡೆದು ಚುಕ್ಕಿ ಚುಕ್ಕಿಯಾಗುತ್ತದೆ. ಹಳೆಯ ಕಲ್ಲಚ್ಚಿನ ಗೆರೆ ಎಳೆ ಕಡಿಯದೆ ಓಡುತ್ತದೆ. ಇಷ್ಟು ವರ್ಷ ಕಿವಿಗೆ ಬಿದ್ದೂ ಬಿದ್ದೂ ಇದೆಲ್ಲ ನನಗೂ ಬಾಯಿಪಾಠ.

“ಗೆರೆ ಸರಿಯಾಗಿದೆ. ಕಾಗದವೂ ಆ ಕಾಲದ್ದೇ,” ಎಂದರು. ನಂಜಯ್ಯ ಉಸಿರು ಬಿಟ್ಟರು. “ಆದರೆ ಈ ಕೆಂಪು ಆಮೇಲೆ ಹಾಕಿದ್ದು. ಬೆಲೆ ಏರಿಸೋಕೆ ಒಳ್ಳೇ ಚೀಟಿಗೆ ಕಳ್ಳ ಠಸ್ಸೆ ಒತ್ತೋರೂ ಇದ್ದಾರೆ ನಂಜಯ್ಯ. ಅದೂ ಒಂದು ನಕಲಿಯೇ. ಹಾಗಾಗಿ ಇದು...”

“ಸ್ವಲ್ಪ ಇರ್ರೀ,” ಎಂದು ನಾನು ಕಾಫಿ ಲೋಟ ಇಟ್ಟು ಅವರ ಕೈಯಿಂದ ಕನ್ನಡಿ ಕಿತ್ತುಕೊಂಡೆ. ಆ ‘ಸುಳ್ಳು’ ಎಂಬ ಮಾತು ಈ ಮನುಷ್ಯನ ಮುಂದೆ ಬೀಳುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಸವತಿಯ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಣೆಯ ಮೇಲೆ, ಇರಬೇಕಾದ ಜಾಗದಲ್ಲೇ, ಸಾಸಿವೆಯಷ್ಟು ಕೆಂಪು. ಅದರ ಅಂಚಿನಿಂದ ಹಳದಿ ಇಣುಕುತ್ತಿತ್ತು. ಮೊದಲು ಅರಿಶಿನ, ಮೇಲೆ ಕುಂಕುಮ. ಯಾವ ಅಂಚೆಮನೆಯಲ್ಲಿ ಹೀಗೆ ಠಸ್ಸೆ ಒತ್ತುತ್ತಾರೆ?

“ನಂಜಯ್ಯನೋರೆ, ಆಯುಧಪೂಜೆ ದಿನ ಈ ಆಲ್ಬಮ್ ಎಲ್ಲಿತ್ತು?”

ಅವರು ಯೋಚಿಸಿದರು. “ಪೂಜೆಗೆ ಮಡಗಿದ್ಲು. ನಾ ಕೊಟ್ಟಿದ್ದು ಎಲ್ಲೈತೆ ತೋರ್ಸಿ ಅಂದ್ಲು. ಆಳೆ ತೆಗ್ದು ತೋರ್ಸಿ, ಸ್ಕೂಟರ್ ತೊಳ್ಯಕ್ಕೆ ಓದೆ.”

“ರಾಣಿ ಹಣೆ ಬರಿದಾಗಿತ್ತಲ್ಲ. ಬೋರಮ್ಮ ಕಡ್ಡಿ ತುದೀಲಿ ಬೊಟ್ಟು ಇಟ್ಟಿದ್ದಾರೆ, ಅಷ್ಟೆ.”

ಇವರು ಕನ್ನಡಿ ತೆಗೆದುಕೊಂಡು ಮತ್ತೆ ನೋಡಿದರು. ಬಹಳ ಹೊತ್ತು ನೋಡಿ, “ಹೌದು ಕಣೇ,” ಎಂದರು. ನನ್ನ ಗಂಡ ನನಗೆ ಸೋತದ್ದು ಅಪರೂಪ, ಹಿಗ್ಗಾಗದೆ ಇರಲಿಲ್ಲ. ಆಮೇಲೆ ನಂಜಯ್ಯನ ಕಡೆ ತಿರುಗಿದರು. “ಅಸಲಿ. ನಿಮ್ಮ ಮನೆಯವರು ಹೇಳಿದ್ದು ನಿಜ. ಇರಿ, ಒಣಕುಂಚದಲ್ಲಿ ಬೊಟ್ಟು ತೆಗೆದುಕೊಡ್ತೀನಿ. ಆ ಯೋಗೇಂದ್ರ ಬಾಯಿ ಮುಚ್ಕೊಂಡು ಒಪ್ಕೋತಾನೆ,” ಎಂದು ಕುಂಚ ಕೈಗೆತ್ತಿಕೊಂಡರು.

ನಂಜಯ್ಯ ಹಾಳೆಯ ಮೇಲೆ ಅಂಗೈ ಅಡ್ಡ ಇಟ್ಟರು.

“ಒಂದ್ ಮಾತು ಮೇಷ್ಟ್ರೇ. ಈ ಸ್ಟಾಂಪ್ ಅಚ್ಚಾದಾಗ ಈ ರಾಣಿಯಮ್ಮಂಗೆ ಗಂಡ ಇದ್ನಾ?”

“ಇದ್ದ. ಅವನು ತೀರಿಕೊಂಡಿದ್ದು ಆಮೇಲೆ, 1861ರಲ್ಲಿ.”

“ಅಂಗಾದ್ರೆ ಸರಿಯಾಗೇ ಮಡಗವ್ಳೆ.” ನಂಜಯ್ಯನ ಮುಖದಲ್ಲಿ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. “ಮುತ್ತೈದೆ ಅಣೆ ಅಳಿಸ್ಬ್ಯಾಡಿ ಮೇಷ್ಟ್ರೇ. ನಮ್ಮವ್ಳನ್ನೂ ಅಣೆ ತುಂಬ ಇಟ್ಟೇ ಕಳಿಸಿದ್ದು.”

ಇವರು ಕುಂಚ ಕೆಳಗಿಟ್ಟರು.