ಬಟ್ಟೆ ಕೋಣೆಯ ಇಪ್ಪತ್ತು ನಿಮಿಷ

ಕ್ಯಾಮೆರಾ ಅಣ್ಣನದು, ಕಣ್ಣು ತಂಗಿಯದು. ಆ ಸ್ಟುಡಿಯೋದ ಗಿರಾಕಿಗಳೆಲ್ಲ ಹಾಗೆ ಹೇಳುತ್ತಿದ್ದರು, ಅಣ್ಣನೂ ಇಲ್ಲವೆನ್ನುತ್ತಿರಲಿಲ್ಲ. ಫೋಟೋ ತೆಗೆಸಿಕೊಳ್ಳಲು ಬಂದವರನ್ನು ತಂಗಿ ಮೊದಲು ಕೂರಿಸಿ ಮಾತಾಡಿಸುತ್ತಿದ್ದಳು. ಏನು ಕೆಲಸ, ಬೆಳಿಗ್ಗೆ ಎಷ್ಟಕ್ಕೆ ಏಳ್ತೀರಿ, ಕೋಪ ಬಂದರೆ ಎಲ್ಲಿ ಹೋಗಿ ಕೂರ್ತೀರಿ. ಅವರು ಹೋದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಜಾಗ ಹುಡುಕಲು ಹೊರಡುತ್ತಿದ್ದಳು. ನಿವೃತ್ತನಾದ ಬಸ್ ಚಾಲಕನನ್ನು ಡಿಪೋದಲ್ಲಿ ನಿಂತಿದ್ದ ಬಸ್ಸಿನ ಕೊನೆಯ ಸೀಟಿನಲ್ಲಿ, ಕಿಟಕಿಯ ಪಕ್ಕ ಕೂರಿಸಿದ್ದು ಅವಳೇ. ಮೂವತ್ತು ವರ್ಷ ಮುಂದೆಯೇ ಕೂತಿದ್ದವನು ಅಂದು ಮಗುವಿನ ಹಾಗೆ ಹೊರಗೆ ನೋಡಿದ್ದ.

"ಜಾಗ ಚೆಂದ ಇದ್ರೆ ಜನ ಜಾಗಾನೇ ನೋಡ್ತಾರೆ ಅಣ್ಣ. ಕೂತವರ ಭುಜ ಸಡಿಲಾಗ್ಬೇಕು. ಅಂಥ ಜಾಗ ಹುಡುಕ್ಬೇಕು," ಎನ್ನುತ್ತಿದ್ದಳು.

ಅವಳದೊಂದು ಪುಟ್ಟ ನೋಟ್‌ಬುಕ್ ಇತ್ತು. ಪ್ರತಿ ಜಾಗಕ್ಕೂ ಹೊತ್ತು, ಬೆಳಕು, ಕೊನೆಗೆ ಅದು ಯಾರಿಗೆ ಎಂದು ಬರೆದಿಡುತ್ತಿದ್ದಳು. "ಅಂಚೆ ಕಚೇರಿ ಹಿಂದಿನ ಮೆಟ್ಟಿಲು. ಮೂರೂವರೆ. ನಗಲು ನಾಚುವವರಿಗೆ." "ಗೋದಾಮಿನ ಗೋಡೆ. ಮೋಡ ಇದ್ದರೆ ಇಡೀ ದಿನ. ಕೈ ಎಲ್ಲಿಡಬೇಕೆಂದು ತಿಳಿಯದವರಿಗೆ."

ಗಿರಾಕಿ ಬರುವ ಮುಂಚೆ ಬೆಳಕು ನೋಡಲು ಆ ಜಾಗದಲ್ಲಿ ನಿಲ್ಲುತ್ತಿದ್ದವಳೂ ತಂಗಿಯೇ. ಅಣ್ಣ ಎರಡು ಮೂರು ಫೋಟೋ ತೆಗೆದು, ಕ್ಯಾಮೆರಾ ಹೊಂದಿಸಿಕೊಂಡು, ಅವನ್ನು ಅಳಿಸಿಹಾಕುತ್ತಿದ್ದ. ಮೆಮೊರಿ ಕಾರ್ಡು ತುಂಬದಿರಲೆಂಬ ಜಿಪುಣತನ ಮೊದಲು, ಆಮೇಲೆ ಬರೀ ಅಭ್ಯಾಸ. ಹನ್ನೆರಡು ವರ್ಷ ಹೀಗೇ ನಡೆಯಿತು.

"ನನ್ನ ಮುಖ ದರ್ಜಿಯ ಟೇಪು ಕಣೋ," ಎಂದು ಅವಳು ನಗುತ್ತಿದ್ದಳು. "ಊರವರಿಗೆಲ್ಲ ಅಂಗಿ ಅಳೆಯುತ್ತೆ, ತಾನು ಮಾತ್ರ ಬರೀ ಮೈ."

ಅವಳಿಗೆ ರಕ್ತದ ಕಾಯಿಲೆ ಎಂದು ತಿಳಿದು, ಆಸ್ಪತ್ರೆಯ ಎರಡನೇ ಮಹಡಿಗೆ ಸೇರಿಸಿದ ಹತ್ತನೇ ದಿನ ಅವಳೇ ಕೇಳಿದಳು. "ಅಣ್ಣ, ನಂದೊಂದು ಫೋಟೋ ತೆಗಿ. ಗಿರಾಕಿ ಅಂತಲೇ ತಿಳ್ಕೊಂಡು ತೆಗಿ."

"ಅದಕ್ಕೇನೇ? ನಿಂಗೆ ತಕ್ಕ ಜಾಗ ಹುಡುಕ್ತೀನಿ, ತಡಿ."

"ಬೇಗ ಹುಡುಕು. ಈ ಗಿರಾಕಿಗೆ ಟೈಮ್ ಕಮ್ಮಿ."

ಅವನು ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ತಿರುಗಿದ. ಮುಚ್ಚಿದ ಚಿತ್ರಮಂದಿರದ ಮೆಟ್ಟಿಲು, ನದಿಯ ಮೇಲಿನ ಹಳೆಯ ಸೇತುವೆ, ನರ್ಸರಿಯ ಗಾಜಿನ ಮನೆ. ಒಂದು ತೀರಾ ಬೋಳು, ಇನ್ನೊಂದು ತೀರಾ ಆಡಂಬರ. ಎಲ್ಲೇ ಹೋದರೂ ಬೆಳಕು ನೋಡಲು ಅಲ್ಲಿ ನಿಲ್ಲುವವರಿಲ್ಲ, ಅವನ ಕಣ್ಣಿಗೆ ಏನೂ ಹತ್ತುತ್ತಿರಲಿಲ್ಲ. ಇದರ ಜೊತೆಗೆ, ಫೋಟೋ ತೆಗೆಯದೆ ಇರುವಷ್ಟು ದಿನ ಅವಳು ಎಲ್ಲೂ ಹೋಗುವುದಿಲ್ಲ ಎಂಬ ಒಂದು ಹುಚ್ಚು ನಂಬಿಕೆ ಅವನೊಳಗೆ ಕೂತಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ಐದು ವಾರ ಕಳೆಯಿತು.

ಕೊನೆಗೆ ತಂಗಿಯದೇ ಫೋನು ಬಂತು. "ನಿನ್ನ ನೆಚ್ಚಿಕೊಂಡ್ರೆ ಆಗಲ್ಲ ಬಿಡು. ಜಾಗ ನಾನೇ ಹುಡುಕಿದೀನಿ. ನಮ್ಮ ಮಹಡೀಲೇ ಆಸ್ಪತ್ರೆ ಬಿಳಿ ಶೀಟು ಮಡಚಿಡೋ ಬಟ್ಟೆ ಕೋಣೆ ಇದೆ. ಎರಡು ಕಟ್ಟಡದ ಸಂದಿಯಿಂದ ಬಿಸಿಲು ಬರೋದು ಹತ್ತರಿಂದ ಹತ್ತೂ ಇಪ್ಪತ್ತರವರೆಗೆ ಮಾತ್ರ. ನಾಳೆ ಬಾ. ಲೇಟ್ ಮಾಡ್ಬೇಡ."

ಅವನು ಹೊತ್ತಿಗೆ ಸರಿಯಾಗಿಯೇ ಹೊರಟಿದ್ದ. ದಾರಿಯಲ್ಲಿ, ಬಿಳಿ ಕೋಣೆಯಲ್ಲಿ ಅವಳ ಮುಖ ಇನ್ನೂ ಬಿಳಚಿಕೊಂಡು ಕಂಡೀತು ಎನಿಸಿತು. ಅಂಗಡಿಗೆ ನುಗ್ಗಿ ಅರಿಶಿನ ಬಣ್ಣದ ಶಾಲೊಂದನ್ನು ಆರಿಸಿ ತಂದ. ಬಟ್ಟೆ ಕೋಣೆ ಮುಟ್ಟಿದಾಗ ಹತ್ತೂ ಇಪ್ಪತ್ತೈದು.

ಎರಡೂ ಕಡೆ ಬೆಡ್‌ಶೀಟುಗಳ ರಾಶಿ, ನಡುವೆ ಒಂದು ಮರದ ಸ್ಟೂಲು, ಅದರ ಮೇಲೆ ತಲೆಗೆ ಬಟ್ಟೆ ಸುತ್ತಿಕೊಂಡ ತಂಗಿ. ಅವಳ ಭುಜಗಳು ಸಡಿಲವಾಗಿದ್ದವು. ಬಿಸಿಲು ಆಗಲೇ ಅವಳನ್ನು ದಾಟಿ ಗೋಡೆಗೆ ಹೋಗಿತ್ತು.

"ಬೆಳಕು ಹೋಯ್ತಲ್ಲೇ. ನಾಳೆ ಒಂಬತ್ತೂವರೆಗೇ ಬಂದು ಕೂತಿರ್ತೀನಿ."

"ಇರೋ ಬೆಳಕಲ್ಲೇ ತೆಗಿಯೋ."

"ಊರವರದ್ದೆಲ್ಲ ಚೆನ್ನಾಗಿ ತೆಗೆದು ನಿಂದು ಅರೆಬರೆ ತೆಗೀಲಾ?"

"ಸರಿ ಮಾರಾಯ, ನಾಳೆಗೆ ಅಳತೆನಾದ್ರೂ ತಗೋ," ಎಂದು ಶಾಲು ಹೊದ್ದಳು.

ಅವನು ಎರಡು ತೆಗೆದ. ಎರಡನೆಯದರಲ್ಲಿ ಅವಳು ಕ್ಯಾಮೆರಾ ಬಿಟ್ಟು ಅವನನ್ನೇ ನೋಡುತ್ತ ನಕ್ಕಿದ್ದಳು. ಸ್ವಲ್ಪ ಕತ್ತಲು, ಎಂದುಕೊಂಡ. ಹೆಬ್ಬೆರಳು ತನ್ನ ಪಾಡಿಗೆ ತನ್ನ ಕೆಲಸ ಮಾಡಿತು.

"ಅಳಿಸಿದ್ಯಾ?"

"ಹೂಂ. ನಾಳೆ ಇದೆಯಲ್ಲ."

"ಇದೆಯಪ್ಪ," ಎಂದಳು ತಂಗಿ.

ಮರುದಿನ ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಯಿಂದ ಫೋನು ಬಂತು. ರಾತ್ರಿ ಏರಿದ ಜ್ವರ ಇಳಿದಿರಲಿಲ್ಲ. ಅವನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಮ್ಮ ಕೇಳಿದ್ದು ಒಂದೇ. "ಗೋಡೆಗೆ ಹಾಕೋಕೆ ಅವಳದೊಂದು ಒಳ್ಳೆ ಫೋಟೋ ಕೊಡಪ್ಪ." ಸ್ಟುಡಿಯೋದಲ್ಲಿ ಸಾವಿರಾರು ಮುಖಗಳಿದ್ದವು. ತಂಗಿಯದೆಂದರೆ ಗುರುತಿನ ಚೀಟಿಯ ಒಂದು ಫೋಟೋ, ಯಾರದೋ ಮದುವೆಯ ಗುಂಪಿನಲ್ಲಿ ಅರ್ಧ ಕೆನ್ನೆ. ಅಳಿಸಿದ್ದನ್ನು ಮರಳಿ ತೆಗೆದುಕೊಡುವ ಅಂಗಡಿಗೆ ಕಾರ್ಡು ಒಯ್ದ. ಆದರೆ ಅಳಿಸಿದ ದಿನ ಮಧ್ಯಾಹ್ನವೇ ಅವನು ಅದೇ ಕಾರ್ಡಿನಲ್ಲಿ ಒಂದು ಕಂಪನಿಯ ನಲವತ್ತು ಜನರ ಫೋಟೋ ತೆಗೆದಿದ್ದ. ಆ ಮುಖಗಳ ಅಡಿಯಲ್ಲಿ ಏನೂ ಉಳಿದಿಲ್ಲ ಎಂದ ಅಂಗಡಿಯವನು. ಮನೆಗೆ ಬಂದು ಅಮ್ಮನಿಗೆ ಇದ್ದದ್ದು ಇದ್ದಂತೆ ಹೇಳಿದ. ಅಮ್ಮ ಬೈದಿದ್ದರೆ ಚೆನ್ನಾಗಿತ್ತು. ಎದ್ದು ಒಳಗೆ ಹೋದರು.

ಎರಡು ವಾರದ ಮೇಲೆ ಬಟ್ಟೆ ಕೋಣೆಯಲ್ಲಿ ಕೆಲಸ ಮಾಡುವ ಹೆಂಗಸು ಹೇಳಿಕಳಿಸಿದಳು, ತಂಗಿಯ ನೋಟ್‌ಬುಕ್ ಶೀಟುಗಳ ಮಧ್ಯೆ ಸಿಕ್ಕಿದೆಯೆಂದು. ಅವನು ಹೋದ. ಕ್ಯಾಮೆರಾ ಎಂದಿನಂತೆ ಹೆಗಲಲ್ಲಿತ್ತು. ಕೊನೆಯ ಪುಟ ತೆರೆದ. "ಬಟ್ಟೆ ಕೋಣೆ. ಹತ್ತರಿಂದ ಹತ್ತೂ ಇಪ್ಪತ್ತು. ಸುತ್ತ ಬಿಳುಪು, ಮುಖದಲ್ಲಿ ಎಲ್ಲೂ ನೆರಳಿಲ್ಲ. ನನಗೆ."

ಹೆಂಗಸು ಶೀಟು ಮಡಚುತ್ತಲೇ ಹೇಳಿದಳು, "ಮೂರು ದಿನ ನನ್ನನ್ನೇ ಇಲ್ಲಿ ಕೂರಿಸಿ ಬೆಳಕು ನೋಡಿದ್ಲಪ್ಪ. ಅಣ್ಣ ಬಂದ್ರೆ ನಿಮ್ಮದೂ ತೆಗೀತಾನೆ ಅಕ್ಕ, ಅಂದಿದ್ಲು. ನನ್ನ ಮೂತಿಗೆ ಫೋಟೋ ಬೇರೆ ಕೇಡು ಅಂದೆ."

ಗಡಿಯಾರದಲ್ಲಿ ಹತ್ತೂ ಐದು. ಬಿಸಿಲು ಖಾಲಿ ಸ್ಟೂಲಿನ ಮೇಲೆ ಬಿದ್ದಿತ್ತು.

"ಕೂತ್ಕೊಳ್ಳಿ ಅಕ್ಕ," ಎಂದ ಅವನು.

ಅವಳು ಕೈ ಒರೆಸಿಕೊಂಡು ಕೂತಳು. ಅಳತೆಗೆಂದು ಮೊದಲು ಒಂದು ತೆಗೆದ. ಸ್ವಲ್ಪ ಕತ್ತಲು. ಅವಳ ಒಂದು ಕಣ್ಣು ಅರ್ಧ ಮುಚ್ಚಿತ್ತು. ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ಕೂತಿತು. ಅಲ್ಲೇ ನಿಂತಿತು.

"ಯಾಕಪ್ಪ, ಸರಿ ಬರ್ಲಿಲ್ವಾ?"

"ಬಂದಿದೆ," ಎಂದು ಅವನು ಬೆರಳು ತೆಗೆದ. "ಇದೂ ಇರ್ಲಿ ಅಕ್ಕ."