ಇಳಿಜಾರಿನ ಉಳಿತಾಯ

ಚಿತ್ರದುರ್ಗದ ಟ್ಯಾಕ್ಸಿ ಮಾಲೀಕ ರಾಜಕುಮಾರ್‌ಗೆ ಪರಿಸರದ ಮೇಲೆ ಪ್ರೀತಿ ಉಕ್ಕಿದ್ದು ಡೀಸೆಲ್ ತುಟ್ಟಿಯಾದ ಮೇಲೆ. ಹಳೆಯ ಗಾಡಿಗಳನ್ನು ಮಾರಿ ಎರಡು ಕರೆಂಟ್ ಕಾರು ತಂದ, ಬಾಗಿಲಿಗೆ ಹಸಿರು ಎಲೆ ಬರೆಸಿದ. ಡೀಸೆಲ್ಲೇ ಬೇಡದ ಗಾಡಿಗೆ ಬಾಟಾ ಯಾಕೆ ಎಂದು ಡ್ರೈವರುಗಳ ಊಟದ ದುಡ್ಡನ್ನೂ ಕತ್ತರಿಸಿದ. ಡೀಸೆಲ್ಲಿಗೂ ಡ್ರೈವರನ ಹೊಟ್ಟೆಗೂ ಏನು ಸಂಬಂಧವೋ, ಆ ಮಹಾನುಭಾವನೇ ಹೇಳಬೇಕು. ಮೇಲೊಂದು ಕಾನೂನು ಬೇರೆ: ಚಾರ್ಜ್ ಮುಗಿದು ಗಾಡಿ ದಾರಿಯಲ್ಲಿ ನಿಂತರೆ ಎಳೆಸಿದ ಖರ್ಚು ಡ್ರೈವರ್‌ದು, ಎರಡನೇ ಸಲ ನಿಂತರೆ ಕೆಲಸವೂ ಇಲ್ಲ.

ಡ್ರೈವರ್ ಅನೀಸ್‌ನ ಮೊದಲ ಸಲ ಆಗಲೇ ಮುಗಿದಿತ್ತು. ತಪ್ಪು ಅವನದೇ. ಇಳಿಜಾರು ಸಿಕ್ಕರೆ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಡೀಸೆಲ್ ಉಳಿಸುವ ವಿದ್ಯೆಯನ್ನು ರಾಜಕುಮಾರನೇ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದ. ಕರೆಂಟ್ ಕಾರಿನಲ್ಲಿ ಅದು ಉಲ್ಟಾ. ಗೇರಿನಲ್ಲೇ ಇಳಿದರೆ ಬ್ಯಾಟರಿಗೆ ಒಂದಿಷ್ಟು ಕರೆಂಟ್ ವಾಪಸ್ ಬರುತ್ತದೆ, ನ್ಯೂಟ್ರಲ್‌ನಲ್ಲಿ ಏನೂ ಇಲ್ಲ. ಧರ್ಮಪುರದ ರಸ್ತೆಯ ಬಿಸಿಲಲ್ಲಿ ಒಣಗಿ ಅನೀಸ್ ಈ ಪಾಠ ಕಲಿತ. ಮನೆಯಲ್ಲಿ ಹೆಂಡತಿ ಹುಮೇರಾ ತುಂಬಿದ ಬಸುರಿ. ಈಗ ಕೆಲಸ ಹೋದರೆ ಗತಿಯೇನು?

ಅಷ್ಟರಲ್ಲಿ ರಾಜಕುಮಾರ್‌ಗೆ ಇನ್ನಷ್ಟು ಕಾರು ಕೊಳ್ಳಲು ಸಾಲ ಬೇಕಾಯಿತು. ಬ್ಯಾಂಕಿನ ಅಧಿಕಾರಿ ಅನುಪಮಾ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಾನು ಮುಂದೆ ಅನೀಸ್‌ನ ಪಕ್ಕ ಕುಳಿತು, ಎಸಿ ಜೋರು ಮಾಡಿಸಿ ಹೊರಟ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿ ಒಂದೇ ಚಾರ್ಜಿನಲ್ಲಿ ಚಿತ್ರದುರ್ಗಕ್ಕೆ ವಾಪಸ್ ಬಂದು ತೋರಿಸುತ್ತಾನಂತೆ.

ಹೊಸದುರ್ಗದಲ್ಲಿ ಅನೀಸ್ ಗಾಡಿ ನಿಧಾನ ಮಾಡಿದ. "ಸಾವ್ಕಾರ್ರೆ, ಇಲ್ಲಿ ಚಾರ್ಜಿಂಗ್ ಪಾಯಿಂಟ್ ಐತೆ. ಟೀ ಕುಡಿಯೋದ್ರಾಗೆ ಒಂದಿಷ್ಟು ಹಾಕ್ಕಳಾಣ."

"ಅವರ ರೇಟ್ ನೋಡಿದೀಯೇನ್ಲೇ? ಮನೆ ಕರೆಂಟು ಹಾಕ್ಕಂಡು ಬಂದಿರೋದೇ ಸಾಕು. ನಡಿ, ಹೋಗಾಣ."

ಊರು ದಾಟಿ ಇಳಿಜಾರು ಬಂತು. ರಾಜಕುಮಾರನ ಹಳೆಯ ಚಾಳಿ ಎದ್ದು ಕುಳಿತಿತು. "ಹಾಕಲೇ ನ್ಯೂಟ್ರಲ್! ಇಳಿಯೋ ಗಾಡೀಗೆ ಕರೆಂಟ್ ಯಾಕೆ ಸುಡ್ತೀಯ?"

"ಗೇರ್ನಾಗಿದ್ರೆ ಬ್ಯಾಟರಿ ತುಂಬ್ತೈತ್ರಿ."

ರಾಜಕುಮಾರ್ ಹಿಂದಕ್ಕೆ ತಿರುಗಿ ಹಲ್ಲು ಕಿರಿದ. "ಕೇಳಿದ್ರಾ ಮೇಡಂ? ಇಳಿಜಾರಾಗೆ ಪುಕ್ಸಟ್ಟೆ ಕರೆಂಟ್ ಉದ್ಭವ ಆಗ್ತೈತಂತೆ. ಇಂಥೋರನ್ನ ಇಟ್ಕಂಡು ನಾನು ವ್ಯಾಪಾರ ಮಾಡ್ಬೇಕು!"

ಅನುಪಮಾ ನಗಲಿಲ್ಲ. ಅನೀಸ್ ಹಲ್ಲು ಕಚ್ಚಿ ನ್ಯೂಟ್ರಲ್ ಹಾಕಿದ. ಅಲ್ಲಿಂದ ಮುಂದೆ ಇಳಿಜಾರು ಬಂದಾಗಲೆಲ್ಲ ಅದೇ ಆಜ್ಞೆ, ಅದೇ ನಗು.

ಹೊಳಲ್ಕೆರೆ ದಾಟಿ ಸ್ವಲ್ಪ ದೂರ ಬಂದು ಗಾಡಿ ಬಸವಳಿದು ನಿಂತಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ಹಾಯಾಗಿ ತಿರುಗುತ್ತಿದ್ದವು.

"ಇವನಿಗೆ ಓಡ್ಸಕೆ ಬರಲ್ಲ ಮೇಡಂ, ಇದು ಎರಡನೇ ಸಲ" ಎಂದ ರಾಜಕುಮಾರ್, ಕೆಳಗಿಳಿದು ಬೆವರು ಒರೆಸಿಕೊಳ್ಳುತ್ತ. "ಲೇ ಅನೀಸ, ಕೀ ಕೊಡು. ನಾಳೆಯಿಂದ ಬರಬ್ಯಾಡ."

ಅನೀಸ್‌ಗೆ ಬೇಡಿಕೊಳ್ಳೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಇವನ ಮುಂದೆ ಕೈಮುಗಿಯುವುದಕ್ಕಿಂತ ಮೂಟೆ ಹೊರುವುದು ವಾಸಿ ಎನಿಸಿ ಕೀ ಕೊಟ್ಟ.

"ನ್ಯೂಟ್ರಲ್ ಹಾಕ್ಸಿದ್ದು ನೀವೇ ಅಲ್ವೇನ್ರಿ?" ಎಂದರು ಅನುಪಮಾ. "ಇರೋ ಗಾಡಿ ಬಗ್ಗೇನೇ ಗೊತ್ತಿಲ್ಲ, ಇನ್ನಷ್ಟಕ್ಕೆ ಸಾಲ ಬೇರೆ." ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿ ಹೋದರು.

ಆ ದಾರಿಯಲ್ಲಿ ಬಂದ ತಾಳ್ಯದ ರೈತ ತಿಮ್ಮೇಶ್ ತನ್ನ ಟ್ರಾಕ್ಟರ್ ನಿಲ್ಲಿಸಿ ಕಾರಿಗೆ ಹಗ್ಗ ಬಿಗಿದ. ಎಳೆಯುವಾಗ ಕಾರಿನ ಸ್ಟೇರಿಂಗ್ ಹಿಡಿಯಲು ಒಬ್ಬರು ಬೇಕು. ರಾಜಕುಮಾರ್ ಅನೀಸ್‌ನತ್ತ ನೋಡಿ ಕಣ್ಣು ಸನ್ನೆ ಮಾಡಿದ. ಅನೀಸ್ ಆಕಾಶ ನೋಡಿದ. ಕೊನೆಗೆ ರಾಜಕುಮಾರನೇ ತನ್ನ ಹೊಟ್ಟೆಯನ್ನು ಸ್ಟೇರಿಂಗಿನ ಹಿಂದೆ ತುರುಕಿಕೊಂಡ.

"ಬಾಡಿಗೆ ಯಾರು ಕೊಡೋದಪ್ಪ?" ಎಂದು ತಿಮ್ಮೇಶ್ ಕೇಳಿದ.

"ಡ್ರೈವರ್ ಸೀಟ್ನಾಗೆ ಕುಂತೋರು ಕೊಡ್ತಾರೆ ಕಣಣ್ಣ" ಎಂದ ಅನೀಸ್. "ಕಾನೂನು ಅವರದೇ."

ಟ್ರಾಕ್ಟರ್ ಗುರುಗುಟ್ಟಿತು, ಹಗ್ಗ ಬಿಗಿಯಿತು, ಕಾರು ಮಿಸುಕಲಿಲ್ಲ. ರಾಜಕುಮಾರ್ ಸಿಕ್ಕಿದ್ದನ್ನೆಲ್ಲ ಒತ್ತುತ್ತಿದ್ದ. ಅನೀಸ್ ಕಿಟಕಿಯ ಹತ್ತಿರ ಬಗ್ಗಿದ.

"ಈಗ ಹಾಕ್ಕಳ್ರಿ ಸಾವ್ಕಾರ್ರೆ, ನ್ಯೂಟ್ರಲ್."