ಕೆಲಸಕ್ಕೆ ಮುಂಚೆ ಕೈ ತೊಳೆಯುವವರು

ಜಗತ್ತಿನ ಮೆಕ್ಯಾನಿಕರೆಲ್ಲ ಕೆಲಸ ಮುಗಿದ ಮೇಲೆ ಕೈ ತೊಳೆದರೆ ನಮ್ಮ ದೊಡ್ಡಪ್ಪ ಕೆಲಸಕ್ಕೆ ಮುಂಚೆ ತೊಳೆಯುತ್ತಾರೆ. ಅದೇನು ಅಂತಿಂಥ ತೊಳೆತವಲ್ಲ. ಮೊಣಕೈವರೆಗೆ ಸೋಪಿನ ನೊರೆ, ಉಗುರಿನ ಸಂದಿಗೆ ಸವೆದ ಹಲ್ಲುಜ್ಜುವ ಬ್ರಷ್ಷು, ಆಮೇಲೆ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಯಾವ ಬಟ್ಟೆಗೂ ತಾಗಿಸದೆ, ನೀರು ತಾನಾಗಿ ಆರುವವರೆಗೆ ಗೋಡೆಗೆ ಮುಖ ಮಾಡಿ ನಿಲ್ಲುವ ಒಂದು ಮೌನ. ಒರೆಸಿದ ಬಟ್ಟೆಯ ನೂಲೆಳೆಯೊಂದು ಬೆರಳಿಗಂಟಿಕೊಂಡು ಪಂಪಿನೊಳಗೆ ಇಳಿದರೆ, ಎಲ್ಲಿಯೋ ಯಾವುದೋ ತಿರುವಿನಲ್ಲಿ ಒಂದು ಲಾರಿ ನಿಂತುಬಿಡುತ್ತದೆ ಎಂಬುದು ಅವರ ಅಚಲ ನಂಬಿಕೆ.

ಅವರು ನನ್ನ ದೊಡ್ಡಮ್ಮನ ಗಂಡ. ಕಸುಬು ಡೀಸೆಲ್ ಪಂಪಿನ ರಿಪೇರಿ. ಟ್ಯಾಂಕಿನಿಂದ ಬಂದ ಡೀಸೆಲನ್ನು ಹನಿ ತಪ್ಪದಂತೆ ಅಳೆದು, ಕ್ಷಣ ತಪ್ಪದಂತೆ ಒತ್ತಿ, ಇಂಜಿನ್ನಿನ ಆರು ಸಿಲಿಂಡರುಗಳಿಗೂ ಸರದಿಯ ಮೇಲೆ ಚಿಮ್ಮಿಸುವ, ಮೊಳದುದ್ದದ ಆ ಲೋಹದ ಗಂಟೊಂದೇ ಅವರ ಸಮಸ್ತ ಪ್ರಪಂಚ. ಉಳಿದ ಲಾರಿ ಅವರಿಗೆ ಬೇಡ. ಬೇಡವೆಂದರೆ ಹಟ ಹಿಡಿದು ಬೇಡ. "ಪಂಪು ಬಿಚ್ಚಿಕೊಂಡು ಬನ್ನಿ, ಲಾರಿ ಆಚೆ ಇರಲಿ" ಎನ್ನುವುದು ಅವರ ಅಂಗಡಿಯ ಏಕೈಕ ನಿಯಮ. ಮೂವತ್ತು ವರ್ಷ ಲಾರಿಗಳಿಂದ ಅನ್ನ ತಿಂದವರು ಒಮ್ಮೆಯೂ ಲಾರಿ ಹತ್ತಿದವರಾಗಿರಲಿಲ್ಲ. "ಮದುವೆ ದಿನ ಇವರ ಕಡೆಯೋರೆಲ್ಲ ಲಾರೀಲಿ ಬಂದಿಳಿದ್ರು. ಮದುಮಗ ಮಾತ್ರ ಹಿಂದೆ ಸೈಕಲ್ ತುಳ್ಕೊಂಡು ಬಂದ! ನಮ್ಮಪ್ಪ ಇನ್ನೇನು ಹುಡುಕೋಕೆ ಜನ ಕಳಿಸ್ತಿದ್ರು" ಎಂದು ದೊಡ್ಡಮ್ಮ ಇವತ್ತಿಗೂ ಆಡಿಕೊಳ್ಳುತ್ತಾರೆ.

ಮೈಮೇಲೆ ಸದಾ ಒಂದು ಬಿಳಿಯ ಕೋಟು. ಗ್ರೀಸು, ಮಸಿ, ಟೈರಿನ ಪುಡಿಗಳ ಆ ಬೀದಿಯಲ್ಲಿ ಅದೊಂದೇ ಬಿಳುಪು. ಕತ್ತಿನವರೆಗೂ ಗುಂಡಿ ಹಾಕಿರಬೇಕು. ಮೇಲಿನ ಗುಂಡಿ ಉದುರಿ ಎಷ್ಟೋ ವರ್ಷವಾಗಿ, ಆ ಜಾಗದಲ್ಲಿ ಒಂದು ಸೇಫ್ಟಿ ಪಿನ್ನು ಕಾಯಂ ಆಗಿದೆ. ಜೇಬಿನಲ್ಲಿ ಭೂತಗನ್ನಡಿ. ಡ್ರೈವರುಗಳು ಅವರನ್ನು ಡಾಕ್ಟ್ರು ಎನ್ನುತ್ತಾರೆ, ಅರ್ಧ ತಮಾಷೆಗೆ, ಅರ್ಧ ಭಯಕ್ಕೆ. ಎಣ್ಣೆಯ ಗುಂಡಿಗಳನ್ನು ತಪ್ಪಿಸುತ್ತಾ, ಒಂದೊಂದೇ ಕಾಲನ್ನು ಎತ್ತೆತ್ತಿ ಇಡುತ್ತಾ ಅವರು ಬೀದಿ ದಾಟುವಾಗ ಕೆರೆಯಂಚಿನ ಕೊಕ್ಕರೆಯೊಂದು ದಾರಿ ತಪ್ಪಿ ಬಂದಂತೆ ಕಾಣುತ್ತದೆ. ಮಾತು ಕಡಿಮೆ. ಆಡುವ ಪ್ರತಿ ಮಾತಿಗೂ "ಅಂದ್ರೆ ಏನಪ್ಪಾ ಅಂದ್ರೆ" ಎಂಬ ಪೀಠಿಕೆ. ಎಷ್ಟೋ ಸಲ ಪೀಠಿಕೆಯಾದ ಮೇಲೆ ಗ್ರಂಥವೇ ಬರುವುದಿಲ್ಲ. "ನಿಮ್ಮ ದೊಡ್ಡಪ್ಪನ 'ಅಂದ್ರೆ' ಮುಗಿಯೋದ್ರೊಳಗೆ ನಾನು ಒಲೆ ಹಚ್ಚಿ, ಅಡುಗೆ ಮಾಡಿ, ಪಾತ್ರೆ ತೊಳೆದಿಟ್ಟಿರ್ತೀನಿ" ಎಂಬುದು ದೊಡ್ಡಮ್ಮನ ದೂರು.

ಇಂಥವರ ಬಳಿ ನನ್ನ ಗಂಡ ತನ್ನ ಹಳೆಯ ಲಾರಿಯ ಪಂಪನ್ನು ಹೊತ್ತು ತಂದ. ಜಲ್ಲಿ ತುಂಬಿಕೊಂಡು ಕ್ವಾರಿಯ ಆಚೆಯ ಏರನ್ನು ಹತ್ತುವಾಗ ಲಾರಿ ಏದುಸಿರು ಬಿಡುತ್ತದೆ, ಸ್ವಲ್ಪ ದಮ್ಮು ಹೆಚ್ಚಿಸಿ ಕೊಡಬೇಕು ಎಂಬುದು ಅವನ ಬೇಡಿಕೆ.

"ಅಂದ್ರೆ ಏನಪ್ಪಾ ಅಂದ್ರೆ, ಅಳಿಯಂದ್ರೇ, ಅದರ ವಯಸ್ಸಿಗೆ ಎಷ್ಟು ಬೇಕೋ ಅಷ್ಟು ತಿಂತಾ ಇದೆ. ಜಾಸ್ತಿ ಬಡಿಸಿದ್ರೆ ಅರಗಬೇಕಲ್ಲ?"

"ಅರಗಿಸೋದು ನನ್ನ ಪಾಡು ಮಾವ. ನೀವು ಬಡಿಸಿ."

ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಪಂಪಿನೊಳಗೆ ಎಣ್ಣೆಯನ್ನು ಒತ್ತುವ ಆರು ಪ್ಲಂಜರು ಕಡ್ಡಿಗಳನ್ನು ತೆಗೆದು ದಪ್ಪನೆಯವನ್ನು ಕೂರಿಸಿದರು. ಸ್ಪ್ರಿಂಗು ಬದಲಾಯಿತು, ಡೀಸೆಲ್ ಚಿಮ್ಮುವ ನಾಝಲುಗಳ ತೂತು ಹಿರಿದಾಯಿತು. ಒಪ್ಪಿಸುವ ದಿನ ಮಾತ್ರ, ಎಂದೂ ಇಲ್ಲದ ದೀರ್ಘ ಉಪದೇಶ ನಡೆಯಿತು. ಅಲ್ಲಿ ಮಗುವನ್ನೆತ್ತಿಕೊಂಡು ನಾನೂ ಇದ್ದೆ. "ಇದರ ಒಳಗಿನ ಸಂದು ಕೂದಲಿಗಿಂತ ಸಣ್ಣದು. ಟ್ಯಾಂಕಿಗೆ ಒಂದು ಕಣ ಧೂಳು ಬಿತ್ತೋ, ನಾನು ಮಾಡಿದ್ದೆಲ್ಲ ನೀರಲ್ಲಿ ಹೋಮ. ಕ್ವಾರಿ ಧೂಳು ಬೇರೆ. ಹುಷಾರು." ಗಂಡ ಹೂಂಗುಟ್ಟಿದ. ಕೇಳಿಸಿಕೊಂಡವಳು ನಾನು. ಹಾಲಿನ ಬಾಟಲಿಯನ್ನು ಮೂರು ಸಲ ಕುದಿಸಿ ಮತ್ತೆ ಅನುಮಾನಪಡುವ ಜೀವಕ್ಕೆ ಅಷ್ಟು ಸಾಕಲ್ಲ! ಅಂದೇ ಸಂಜೆ ಹಳೆಯ ಟೈರಿನ ರಬ್ಬರ್ ಟ್ಯೂಬೊಂದನ್ನು ಗುಂಡಗೆ ಕತ್ತರಿಸಿ ಟ್ಯಾಂಕಿನ ಮುಚ್ಚಳದೊಳಗೆ ಅಂಟಿಸಿದೆ. ಮುಚ್ಚಳದ ನಡುವೆ ಸೂಜಿಮೊನೆಯಷ್ಟು ಒಂದು ತೂತು ಕಂಡಿತು. ಅದೂ ಧೂಳಿನ ದಾರಿಯೇ ಎಂದು ಅಂಟು ತುಂಬಿ ಮುಚ್ಚಿದೆ. ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ಕಷ್ಟ ಶುರುವಾದದ್ದು ಆ ವಾರವೇ. ಅಂಗಳದಲ್ಲಿ ಸಿಂಹದಂತೆ ಗುಡುಗುವ ಲಾರಿ, ತುಂಬಿದ ಲೋಡಿನಲ್ಲಿ ಮುಕ್ಕಾಲು ಗಂಟೆ ಓಡಿದೊಡನೆ ಸೊರಗಿ, ಕೆಮ್ಮಿ, ಆರಿಹೋಗುತ್ತಿತ್ತು. ಸ್ವಲ್ಪ ಹೊತ್ತು ನಿಲ್ಲಿಸಿ, ಇಳಿದು, ಅದನ್ನು ಇದನ್ನು ನೋಡಿ ಮತ್ತೆ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಒಂದು ದಿನ ಅದು ಆರಿದ್ದು ಏರಿನ ನಡುಮಧ್ಯದಲ್ಲಿ. ಬ್ರೇಕು ಹಿಡಿಯುವಷ್ಟರಲ್ಲಿ ಎರಡು ಮಾರು ಹಿಂದಕ್ಕೆ ಜಾರಿತ್ತಂತೆ; ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದರಂತೆ. ಪಕ್ಕದಲ್ಲಿ ತಡೆಗೋಡೆಯಿಲ್ಲದ ಪ್ರಪಾತ. ಗಂಡ ಇದನ್ನು ನಗುತ್ತಾ ಹೇಳಿದ. ನನ್ನ ಕೈಯಲ್ಲಿದ್ದ ಚಮಚ ಮಗುವಿನ ಬಾಯಿಗೆ ಹೋಗದೆ ಗಲ್ಲಕ್ಕೆ ತಗುಲಿತು.

ಪಂಪನ್ನು ಮತ್ತೆ ಬಿಚ್ಚಿದ್ದಾಯಿತು. ದೊಡ್ಡಪ್ಪ ಕೈ ತೊಳೆದು, ಆರಿಸಿ, ಅದನ್ನು ತಮ್ಮ ಟೆಸ್ಟ್ ಬೆಂಚಿಗೆ ಏರಿಸಿದರು. ಅದು ಅಂಗಡಿಯ ಗರ್ಭಗುಡಿಯಂಥ ಒಳಕೋಣೆಯಲ್ಲಿದೆ: ಪಂಪನ್ನು ತಿರುಗಿಸಲು ಮೋಟಾರು, ಉಣಿಸಲು ಸೋಸಿದ ಎಣ್ಣೆಯ ಬೇರೆಯೇ ತೊಟ್ಟಿ, ಅಳೆಯಲು ಆರು ಗಾಜಿನ ನಳಿಗೆಗಳು. ಆರರಲ್ಲೂ ಎಣ್ಣೆ ಒಂದೇ ಗೆರೆಗೆ ಬಂದು ನಿಂತಿತು, ಒಂದೇ ಎತ್ತರದ ಆರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಭೂತಗನ್ನಡಿ ಹಿಡಿದು ನೋಡಿದರು. ಬಗ್ಗಿ ನೋಡಿದರು. ಕನ್ನಡಕ ತೆಗೆದು ನೋಡಿದರು.

"ಪಂಪಲ್ಲಿ ಏನೂ ಇಲ್ಲ."

"ಹಾಗಾದ್ರೆ ಯಾಕೆ ನಿಲ್ಲುತ್ತೆ ಮಾವ?"

"ಅಂದ್ರೆ ಏನಪ್ಪಾ ಅಂದ್ರೆ..." ನಾವು ಕಾದೆವು. ಗೋಡೆಯ ಫ್ಯಾನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿತು. "ಗೊತ್ತಾಗ್ತಿಲ್ಲ."

ಬಿಸಿಯಾದ ಮೇಲೆ ದಪ್ಪ ಪ್ಲಂಜರುಗಳಿಂದ ಎಣ್ಣೆ ಸೋರಿ ಸಾಲದೆ ಬರುತ್ತಿರಬಹುದೆಂದು ಊಹಿಸಿ, ಡೀಸೆಲ್ಲಿನ ಅಳತೆ ಹಿಡಿಯುವ, ಪಂಪಿನ ಹೊರಮೈಯ ಸ್ಕ್ರೂವನ್ನು ಕಾಲು ಸುತ್ತು ಹೆಚ್ಚಿಸಿದರು. ಲಾರಿ ಮತ್ತೆ ನಿಂತಿತು. ಮತ್ತೆ ಬೆಂಚು, ಮತ್ತೆ ಆರು ಮಕ್ಕಳ ಸಾಲು, ಮತ್ತೆ ಕಾಲು ಸುತ್ತು. ಮತ್ತೆ ನಿಂತಿತು. ಮೂರನೆಯ ಸಲ ಗಂಡ, "ಯಾರೋ ಗಾಡಿ ಗುದ್ದಿದಾರೆ ಅಂತ ಕಾಣುತ್ತೆ, ಡೀಸೆಲ್ ಟ್ಯಾಂಕಿನ ಕೆನ್ನೆ ಬೇರೆ ಒಳಗೆ ಹೋಗಿದೆ" ಎಂದು ಗೊಣಗಿದ. "ಟ್ಯಾಂಕಿನ ಸುದ್ದಿ ನನಗ್ಯಾಕೆ?" ಎಂದರು ದೊಡ್ಡಪ್ಪ, ಕಣ್ಣು ಗಾಜಿನಿಂದ ತೆಗೆಯದೆ. ಮೂರನೆಯ ಕಾಲು ಸುತ್ತೂ ಆಯಿತು.

ಆ ದಿನಗಳಲ್ಲಿ ಬೀದಿಯಲ್ಲಿ ಉತ್ತರಗಳಿಗೆ ಬರವಿರಲಿಲ್ಲ. ಟೈರಿನವನು ಗಾಳಿ ಎಳೀತಿದೆ ಎಂದ. ಬ್ಯಾಟರಿಯವನು ಡೀಸೆಲ್ಲೇ ಕಲಬೆರಕೆ ಎಂದ. ಎದುರಂಗಡಿಯ ಮೆಕ್ಯಾನಿಕ್ಕು, "ಡಾಕ್ಟ್ರಿಗೆ ವಯಸ್ಸಾಯ್ತು, ನನಗೆ ಕೊಡಿ, ಒಂದೇ ದಿನ, ಗ್ಯಾರಂಟಿ" ಎಂದ. ನನಗೋ ಆ ಗ್ಯಾರಂಟಿ ಎಂಬ ಶಬ್ದವನ್ನು ಯಾರಾದರೂ ಉಚ್ಚರಿಸಿದರೆ ಸಾಕಾಗಿತ್ತು. ದೊಡ್ಡಪ್ಪನ ಮುಂದೆ ಹೋಗಿ ನಿಂತೆ.

"ನಾಳೆ ಮತ್ತೆ ಆ ಏರಿಗೆ ಲೋಡು ಹೋಗ್ತಿದೆ. ಈ ಸಲ ಏನೂ ಆಗಲ್ಲ ಅಂತ ಒಂದು ಮಾತು ಹೇಳಿಬಿಡಿ ದೊಡ್ಡಪ್ಪ."

"ಹೇಗೆ ಹೇಳ್ಲಿ ಮಗಳೇ? ನನಗೇ ಗೊತ್ತಾಗ್ತಿಲ್ಲ."

"ಸುಮ್ನೆ ಆದ್ರೂ ಹೇಳಿ."

ಅವರು ನನ್ನನ್ನು ನೋಡಿದರು. ಮಗುವನ್ನು ನೋಡಿದರು. ತೊಳೆದು ಎತ್ತಿ ಹಿಡಿದ ಕೈಗಳು ಹಾಗೇ ಇದ್ದವು. "ಸುಮ್ನೆ ಹೇಳೋಕೆ ಬರಲ್ಲಮ್ಮ ನನಗೆ. ನಾಳೆ ನಾನೂ ಲಾರೀಲಿ ಬರ್ತೀನಿ."

ಒಳಗಿನಿಂದ ದೊಡ್ಡಮ್ಮನ ಧ್ವನಿ ಬಂತು: "ಯಾರು, ಇವರಾ? ಲಾರೀನಾ? ಅಯ್ಯೋ, ಸೈಕಲ್ ಪಂಕ್ಚರ್ ಆಗಿದೆಯೇನ್ರೀ?"

ಮರುದಿನ ಬೆಳಗ್ಗೆ ಮಗುವನ್ನು ದೊಡ್ಡಮ್ಮನ ಮಡಿಲಿಗೆ ಹಾಕಿ ನಾನೂ ಹತ್ತಿದೆ. ಮನೆಯಲ್ಲಿ ಕೂತು ಊಹಿಸಿಕೊಳ್ಳುವ ಭಯಕ್ಕಿಂತ ಕಣ್ಣಾರೆ ನೋಡುವ ಭಯವೇ ವಾಸಿಯೆನಿಸಿತ್ತು. ದೊಡ್ಡಪ್ಪ ಸೀಟಿನ ಮೇಲೆ ಪತ್ರಿಕೆ ಹಾಸಿ, ಕೋಟಿನ ಅಂಚನ್ನು ಮೊಣಕಾಲಿನ ಕೆಳಗೆ ಮಡಚಿಕೊಂಡು, ನೆಂಟರ ಮನೆಗೆ ಮೊದಲ ಸಲ ಬಂದವರಂತೆ ತುದಿಯಲ್ಲಿ ಕುಳಿತರು. ಏರಿಗೆ ಮುಂಚೆ ಸಮತಟ್ಟಾದ ರಸ್ತೆಯಲ್ಲೇ ಓಡಿಸಿ ನೋಡೋಣವೆಂದು ಅವರೇ ಹೇಳಿದ್ದರು. ನಲವತ್ತೈದನೆಯ ನಿಮಿಷಕ್ಕೆ ಲಾರಿ ಸೊರಗಿತು, ಕೆಮ್ಮಿತು, ಆರಿತು.

ಕೆಳಗಿಳಿದರು. ಬೆಂಚಿಲ್ಲ, ಗಾಜಿನ ನಳಿಗೆಯಿಲ್ಲ, ಕೈ ತೊಳೆಯಲು ನೀರಿಲ್ಲ. ಬಯಲಿನಲ್ಲಿ ನಿಂತ ಆ ಬಿಳಿಯ ಕೋಟಿನಷ್ಟು ದಿಕ್ಕುಗಾಣದ್ದನ್ನು ನಾನು ಇನ್ನೊಂದು ನೋಡಿಲ್ಲ. ಒಂದು ಸುತ್ತು ಬಂದರು. ಮತ್ತೊಂದು ಸುತ್ತು ಬಂದರು. ಕೊನೆಗೆ, "ಅಳಿಯಂದ್ರೇ, ನಿಂತಾಗ ದಿನಾ ಏನೇನು ಮಾಡ್ತೀರೋ ಅದನ್ನೇ ಮಾಡಿ. ನಾನು ನೋಡ್ತೀನಿ" ಎಂದರು.

ನನ್ನ ಗಂಡ ಮೊದಲು ಮಾಡುವ ಕೆಲಸ ಡೀಸೆಲ್ ಎಷ್ಟಿದೆಯೆಂದು ನೋಡುವುದು. ಮುಚ್ಚಳ ತಿರುಗಿಸಿದ. ಮುಳುಗಿ ಮೇಲೆದ್ದವನು ಎಳೆದುಕೊಳ್ಳುವಂಥ ಒಂದು ದೀರ್ಘವಾದ ಉಸಿರು, ಟ್ಯಾಂಕಿನ ಬಾಯಿಂದ, ಒಳಮುಖವಾಗಿ. ಹಿಂದೆಯೇ 'ಡಬ್' ಎಂದು ಟ್ಯಾಂಕಿನ ಕುಸಿದ ಕೆನ್ನೆ ಹೊರಗೆ ಬಂತು.

ದೊಡ್ಡಪ್ಪ ಕಲ್ಲಾದರು. "ಏನದು?"

"ಅದಾ? ಅದು ಈಚೆಗೆ ಯಾವಾಗ್ಲೂ ಹಾಗೇ ಮಾಡುತ್ತೆ ಮಾವ" ಎಂದ ನನ್ನ ಗಂಡ, ಕೋಲು ಇಳಿಬಿಟ್ಟು ಅಳೆಯುತ್ತಾ.

ಮುಚ್ಚಳವನ್ನು ಕೈಗೆ ತೆಗೆದುಕೊಂಡು ತಿರುಗಿಸಿದರು. ಭೂತಗನ್ನಡಿ ಬಂತು. ಗುಂಡಗೆ ಕತ್ತರಿಸಿದ ಟ್ಯೂಬನ್ನು ಉಗುರಿನಿಂದ ಎಬ್ಬಿಸಿ, ಅದರಡಿಯ ಅಂಟಿನ ಗಟ್ಟಿಯನ್ನು ಬಹಳ ಹೊತ್ತು ನೋಡಿದರು. ಡೀಸೆಲ್ ಹೊರಗೆ ಹೋದಷ್ಟೂ ಆ ತೂತಿನಿಂದ ಗಾಳಿ ಒಳಗೆ ಬರಬೇಕಿತ್ತು. ಬರಲು ದಾರಿಯಿಲ್ಲದೆ ಟ್ಯಾಂಕು ಉಸಿರು ಕಟ್ಟಿಕೊಂಡು, ಪಂಪು ಎಷ್ಟು ಎಳೆದರೂ ಹನಿ ಬಿಡದೆ ಕೂತಿತ್ತು. ಪ್ರತಿ ಸಲವೂ ನನ್ನ ಗಂಡ ಮುಚ್ಚಳ ತೆರೆದು, ಅರಿಯದೆಯೇ ಅದನ್ನು ಬದುಕಿಸುತ್ತಿದ್ದ, ಮತ್ತೆ ಬಿಗಿಯಾಗಿ ಮುಚ್ಚುತ್ತಿದ್ದ.

"ಯಾರು ಮಾಡಿದ್ದು ಇದನ್ನ?"

"ನಾನು" ಎಂದೆ. "ಧೂಳು ಹೋಗಬಾರದು ಅಂದಿದ್ರಲ್ಲ..."

ಬೈಯುತ್ತಾರೆಂದುಕೊಂಡೆ. ಗಂಡನಂತೂ ಬಾಯಿ ತೆರೆದೇ ಇದ್ದ. ದೊಡ್ಡಪ್ಪ ಕೈಯೆತ್ತಿ ಅವನನ್ನು ತಡೆದರು. "ಎಷ್ಟು ನೀಟಾಗಿ ಮುಚ್ಚಿದೀಯಮ್ಮ. ನಾನೂ ಇಷ್ಟು ನೀಟಾಗಿ ಮುಚ್ತಿರಲಿಲ್ಲ." ಮುಚ್ಚಳವನ್ನು ಇನ್ನೊಮ್ಮೆ ಹೊರಳಿಸಿ, "ಅಂದ್ರೆ ಏನಪ್ಪಾ ಅಂದ್ರೆ, ಮುಚ್ಚಿದ್ದು ನಾನೇ" ಎಂದರು. ಆ ಪೀಠಿಕೆಗೆ ತಕ್ಕ ಮಾತು ಅಷ್ಟು ಬೇಗ ಬಂದದ್ದು ಅದೇ ಮೊದಲು.

ಕತ್ತಿನ ಸೇಫ್ಟಿ ಪಿನ್ನನ್ನು ಬಿಚ್ಚಿ ತೂತನ್ನು ಚುಚ್ಚಿ ತೆರೆದರು. ಕೋಟು ಎದೆಯವರೆಗೂ ತೆರೆದುಕೊಂಡು ಗಾಳಿಗೆ ಪಟಪಟನೆ ಬಡಿಯತೊಡಗಿತು. ಇಂಜಿನ್ ಚಾಲೂ ಮಾಡಿದರೆ ಕಪ್ಪು ಹೊಗೆ ಮೋಡದಂತೆ ಎದ್ದಿತು. ಇಲ್ಲದ ರೋಗಕ್ಕೆ ಮೂರು ಸಲ ಕೊಟ್ಟ ಮದ್ದು ಈಗ ಹೊರಬರುತ್ತಿತ್ತು. ಅವರು ಸ್ಪ್ಯಾನರು ಕೇಳಿ ತೆಗೆದುಕೊಂಡು, ಬಾನೆಟ್ಟಿನೊಳಗೆ ಬಗ್ಗಿ, ತೊಳೆಯದ ಕೈಯಲ್ಲಿ, ರಸ್ತೆಯ ಧೂಳಿನ ನಡುವೆ, ಸ್ಕ್ರೂವನ್ನು ಮುಕ್ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರು. ಹೊಗೆ ತಿಳಿಯಾಯಿತು.

"ಸರಿಯಾಯ್ತಾ ದೊಡ್ಡಪ್ಪ?"

"ಏರು ಹತ್ತಿದ ಮೇಲೆ ಹೇಳ್ತೀನಿ."

ಏರು ಹತ್ತಿದೆವು. ಹಿಂದೆ ಚಕ್ರಕ್ಕೆ ಕೊಟ್ಟಿದ್ದ ಕಲ್ಲುಗಳು ರಸ್ತೆಯಂಚಿಗೆ ಬಿದ್ದಿದ್ದವು. ಅವನ್ನು ದಾಟುವಾಗ ನಾನು ಕಣ್ಣು ಮುಚ್ಚಿದೆ. ತೆರೆದಾಗ ನೆತ್ತಿಯ ಬಯಲಿನಲ್ಲಿದ್ದೆವು. ದೊಡ್ಡಪ್ಪ ಮಸಿಯಾದ ಬೆರಳುಗಳನ್ನು ಒಮ್ಮೆ ನೋಡಿಕೊಂಡು, ಕೋಟಿಗೆ ಒರೆಸಿ, "ಈಗ ಸರಿಯಾಯ್ತು ಮಗಳೇ" ಎಂದರು.

ಒಂದೇ ವಸ್ತುವಿಗೆ ಬದುಕನ್ನು ಕೊಟ್ಟ ಇಂಥವರು ತಮ್ಮ ಕೋಣೆಯ ಬೆಳಕಿನಲ್ಲಿ ಕಂಡದ್ದನ್ನೇ ಲೋಕವೆಂದು ನಂಬಿ, ಹೊಸ್ತಿಲಾಚೆಯ ಲೋಕ ಅದನ್ನು ಒಪ್ಪದಿದ್ದಾಗ ಮಗುವಿನಂತೆ ಗಲಿಬಿಲಿಗೊಳ್ಳುತ್ತಾರೆ, ನಿಜ. ಆದರೆ ಆ ಗಲಿಬಿಲಿಯನ್ನು ಬಚ್ಚಿಡಲು ಒಂದು ಸುಳ್ಳು ಭರವಸೆಯನ್ನು ಹೊದೆಸುವ ವಿದ್ಯೆ ಅವರಿಗೆ ಒಲಿದಿರುವುದಿಲ್ಲ. ಭಯಗೊಂಡವರಿಗೆ ಇಂಥವರ ಹತ್ತಿರ ಸಮಾಧಾನ ಸಿಗುವುದು ಕಷ್ಟ; ಸಿಗುವುದು ಒಂದು ಬರಿಯ 'ಗೊತ್ತಾಗ್ತಿಲ್ಲ', ಮತ್ತು ಗೊತ್ತಾಗುವವರೆಗೆ ಪಕ್ಕದ ಸೀಟಿನ ತುದಿಯಲ್ಲಿ ಕೂತು ಜೊತೆಗೆ ಬರುವ ಒಂದು ಜೀವ. ಗ್ಯಾರಂಟಿ ಕೊಡುವವರು ಯಾವ ಬೀದಿಯಲ್ಲಾದರೂ ಸಿಗುತ್ತಾರೆ. ಅವರಲ್ಲಿ ಯಾರೂ ಏರು ಹತ್ತಲು ಬರುವುದಿಲ್ಲ.